ಸ್ವಂತ ವಾಕ್ಯ

ಗಜಾನನ ಮಾಸ್ಟ್ರಿಗೆ ಶಬ್ದಗಳ ಹುಚ್ಚು ಯಾವಾಗ ಹಿಡಿಯಿತು ಎಂದು ಅವರ ಹೆಂಡತಿ ವಾಗ್ದೇವಿಯನ್ನು ಕೇಳಿದರೆ, "ಮದುವೆಗಿಂತ ಮೊದಲೇ ಇತ್ತು, ನಮ್ಮ ಅಪ್ಪನಿಗೆ ಮಾತ್ರ ಯಾರೂ ಹೇಳಿರಲಿಲ್ಲ" ಎನ್ನುತ್ತಿದ್ದರು. ಮಾಸ್ಟ್ರ ಅಂಗಿಯ ಕಿಸೆಯಲ್ಲಿ ಯಾವಾಗಲೂ ಇರುತ್ತಿದ್ದದ್ದು ಚೀಟಿಗಳು. ಹಳೆಯ ಉತ್ತರಪತ್ರಿಕೆಗಳ ಖಾಲಿ ಬದಿಯನ್ನು ಇಸ್ಪೀಟು ಎಲೆಯಷ್ಟಕ್ಕೆ ಕತ್ತರಿಸಿದ ಚೀಟಿಗಳು. ಒಂದೊಂದು ಚೀಟಿಗೆ ಒಂದೊಂದು ಶಬ್ದ. ಶಬ್ದದ ಕೆಳಗೆ ಅರ್ಥ, ಅದರ ಕೆಳಗೆ ಶಬ್ದವನ್ನು ಬಳಸಿದ ಒಂದು ವಾಕ್ಯ, ಕೊನೆಗೆ ಆ ವಾಕ್ಯ ಯಾರ ಬಾಯಿಯದು, ಯಾವ ಊರಿನದು. ಬಸ್ಸಿನಲ್ಲಿ ಪಕ್ಕದವರು ಜಗಳಕ್ಕೆ ಬಿದ್ದರೆ ಮಾಸ್ಟ್ರು ಬಿಡಿಸಲು ಹೋಗುವವರಲ್ಲ, ಕಿಸೆಯಿಂದ ಪೆನ್ನು ತೆಗೆಯುವವರು.

ವಾಮದಪದವಿನಿಂದ ಎರಡು ಮೈಲು ಒಳಗೆ, ಮುಳಿಹುಲ್ಲಿನ ಬೋಳುಗುಡ್ಡದ ಮೇಲಿದ್ದ ಹೈಸ್ಕೂಲಿನಲ್ಲಿ ಅವರು ಕನ್ನಡ ಪಂಡಿತರು. ಮಕ್ಕಳೆಲ್ಲ ಮನೆಯಲ್ಲಿ ತುಳು ಆಡುವವರು. ಕನ್ನಡ ಅವರಿಗೆ ಯೂನಿಫಾರ್ಮಿನ ಹಾಗೆ, ಮನೆಗೆ ಹೋದ ಕೂಡಲೇ ಕಳಚಿ ಗೂಟಕ್ಕೆ ಸಿಕ್ಕಿಸುವಂಥದ್ದು. ಅದನ್ನು ಮೈಗೆ ಹತ್ತಿಸಬೇಕು ಎಂದು ಮಾಸ್ಟ್ರು ಇಪ್ಪತ್ತು ವರ್ಷದಿಂದ ಹೆಣಗುತ್ತಿದ್ದರು. ಶನಿವಾರ ಅರ್ಧ ದಿನದ ಶಾಲೆ ಮುಗಿದರೆ ಊಟಕ್ಕೂ ನಿಲ್ಲದೆ ಬಸ್ಸು ಹಿಡಿದು ಮೂಡುಬಿದಿರೆಗೆ ಹೋಗುತ್ತಿದ್ದರು. ಅಲ್ಲಿ ಜೈನಪೇಟೆಯಲ್ಲಿ ಒಬ್ಬರು ಹಿರಿಯ ಪಂಡಿತರು ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ ಒಂದು ನಿಘಂಟನ್ನು ಕೂಡಿಸಿಡುತ್ತಿದ್ದರು. ಆ ಡಬ್ಬಿಗಳಿಗೆ ಚೀಟಿ ಒದಗಿಸುವ ಕೆಲಸಕ್ಕೆ ಮಾಸ್ಟ್ರನ್ನು ಯಾರೂ ನೇಮಿಸಿರಲಿಲ್ಲ, ತಾವೇ ನೇಮಿಸಿಕೊಂಡಿದ್ದರು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ನವರಾತ್ರಿ ರಜೆ ಕಳೆದ ಮೇಲಿನ ಒಂದು ಶನಿವಾರ ಪಂಡಿತರು 'ಹೇಸು' ಎಂಬ ಶಬ್ದದ ಚೀಟಿಗಳನ್ನು ಚಾಪೆಯ ಮೇಲೆ ಹರಡಿಕೊಂಡು ಕುಳಿತಿದ್ದರು. ನಲವತ್ತು ಚೀಟಿ. ಎಲ್ಲವೂ ಹಳೆಯ ಕಾವ್ಯಗಳಿಂದ, ತಾಳೆಗರಿಗಳಿಂದ ಎತ್ತಿದ್ದು. ಕೊಲ್ಲಲು ಹೇಸದ ಅರಸರು, ಸಂಸಾರಕ್ಕೆ ಹೇಸಿ ಕಾಡು ಸೇರಿದವರು, ತನ್ನ ಶರೀರಕ್ಕೆ ತಾನೇ ಹೇಸಿದ ಮುನಿ, ಗಂಡನ ಪಾಪಕ್ಕೆ ಹೇಸಿ ಮುಖ ತಿರುಗಿಸಿದ ರಾಣಿ.

"ನೋಡಿ, ಎಲ್ಲ ಸತ್ತವರ ಹೇಸಿಗೆ" ಎಂದು ಪಂಡಿತರು ನಕ್ಕರು. "ಬದುಕಿರುವವರದ್ದು ಒಂದಾದರೂ ಬೇಡವೇ? ಪುಸ್ತಕದ ಗಾಳಿ ತಾಗದ್ದು, ಮನೆಯೊಳಗಿನದ್ದು ಒಂದು ವಾಕ್ಯ ತನ್ನಿ."

ಮಾಸ್ಟ್ರಿಗೆ ಇಷ್ಟು ಹೇಳಿದರೆ ಸಾಕಿತ್ತು.

ಸೋಮವಾರ ಮೊದಲ ಪೀರಿಯಡ್ಡಿನಲ್ಲೇ ಒಂಬತ್ತನೆಯ ತರಗತಿಯ ಬೋರ್ಡಿನ ಮೇಲೆ 'ಹೇಸು' ಎಂದು ದಪ್ಪಕ್ಷರದಲ್ಲಿ ಬರೆದರು. ಮಕ್ಕಳಿಗೆ ನಗು. ಮಾಸ್ಟ್ರು ನಗಲಿಲ್ಲ. "ಅಸಹ್ಯ ಎಂದರೆ ಮನಸ್ಸಿಗೆ ತಾಳಲಾಗದ್ದು. ಜುಗುಪ್ಸೆ ಪುಸ್ತಕದ ಶಬ್ದ, ಅದನ್ನು ಹೇಳುವಾಗ ಯಾರ ಮುಖವೂ ಹುಳ್ಳಗಾಗುವುದಿಲ್ಲ. ಹೇಸುವುದು ಎಂದರೆ ಹಾಗಲ್ಲ, ಅದು ಮೈಯ ಕೆಲಸ. ಬೇಡ ಅಂತ ನೀವು ಎಣಿಸುವ ಮೊದಲೇ ಮೈ ಹಿಂದೆ ಸರಿದಾಗಿರ್ತದೆ" ಎಂದು ವಿವರಿಸಿದರು. ಆಮೇಲೆ ಎಂದಿನಂತೆ, ಈ ಶಬ್ದವನ್ನು ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿ ತನ್ನಿ ಎಂದರು. ಒಂದು ಮಾತು ಹೆಚ್ಚಿಗೆ ಸೇರಿಸಿದರು. "ಗೈಡಿನದ್ದು ಬೇಡ. ನಿಮ್ಮ ಮನೆಯದ್ದು ಬೇಕು. ನಿಜವಾದದ್ದು. ಓದುವವನು ನಾನೊಬ್ಬನೇ."

ಮರುದಿನ ಬಂದ ಮೂವತ್ತೆಂಟು ಪುಸ್ತಕಗಳಲ್ಲಿ ಮೂವತ್ತೇಳರಲ್ಲಿ ಚರಂಡಿಯಂಥದ್ದೇ ಇತ್ತು. ಚರಂಡಿ ನೋಡಿದರೆ ಹೇಸಿಗೆಯಾಗುತ್ತದೆ, ಸತ್ತ ಇಲಿ ನೋಡಿದರೆ ಹೇಸಿಗೆಯಾಗುತ್ತದೆ, ಒಬ್ಬನಿಗಂತೂ ತೊಂಡೆಕಾಯಿ ಪಲ್ಯ ನೋಡಿದರೆ ಹೇಸಿಗೆ. ಮಾಸ್ಟ್ರು ಬೇಸರದಿಂದ ಕೆಂಪು ಗೆರೆ ಎಳೆಯುತ್ತಾ ಹೋಗಿ ಕಾಂತಿಯ ಪುಸ್ತಕಕ್ಕೆ ಬಂದರು. ಅಲ್ಲಿ ದುಂಡು ಅಕ್ಷರದಲ್ಲಿ ಹೀಗಿತ್ತು: 'ಅಮ್ಮನ ಬೆರಳು ಕಂಡರೆ ಊರು ಹೇಸೀತು, ಆ ಬೆರಳು ಕಲಸಿದ ಅನ್ನಕ್ಕೆ ನಾನು ಹೇಸುವುದಿಲ್ಲ.'

ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ಎಂಥ ವಾಕ್ಯ! ಇಡೀ ಊರು ಒಂದು ಕಡೆ, ಒಂದು ಮಗು ಒಂದು ಕಡೆ. ಆ 'ಹೇಸೀತು' ಎಂಬುದರಲ್ಲಿರುವ ಅನುಮಾನವೇನು, 'ಹೇಸುವುದಿಲ್ಲ' ಎಂಬುದರಲ್ಲಿರುವ ಗಟ್ಟಿತನವೇನು. ಹದಿನಾಲ್ಕು ವರ್ಷದ, ಬೀಡಿ ಕಟ್ಟುವ ಮನೆಯ ಹುಡುಗಿಗೆ ಇಂಥ ಕಲ್ಪನೆ ಎಲ್ಲಿಂದ ಬಂತು? ಹೌದು, ಕಲ್ಪನೆ ಎಂದೇ ಅವರು ತಿಳಿದರು. ಮನೆಯದ್ದು ಬೇಕು, ನಿಜವಾದದ್ದು ಬೇಕು ಎಂದು ಕೇಳಿದವರು ಅವರೇ. ಆದರೆ ಜೀವನವೆಲ್ಲ ಕಾವ್ಯ ಓದಿದವರಿಗೆ ಒಂದು ರೋಗ ಇರುತ್ತದೆ. ಚೆನ್ನಾಗಿರುವುದೆಲ್ಲ ಅವರಿಗೆ ಕಟ್ಟಿದ್ದಾಗಿಯೇ ಕಾಣುತ್ತದೆ.

ತರಗತಿಯಲ್ಲಿ ಅದನ್ನು ಎರಡು ಸಲ ರಾಗವಾಗಿ ಓದಿದರು. ಕಾಂತಿ ತಲೆ ತಗ್ಗಿಸಿ ಡೆಸ್ಕಿನ ಮರವನ್ನೇ ನೋಡುತ್ತಿದ್ದಳು. ನಾಚಿಕೆ ಎಂದು ಮಾಸ್ಟ್ರಿಗೆ ಇನ್ನೂ ಮೆಚ್ಚುಗೆಯಾಯಿತು. ಚೀಟಿಗೆ ಇಳಿಸಿದರು, ಕೆಳಗೆ 'ಕಾಂತಿ, ಒಂಬತ್ತನೇ ತರಗತಿ' ಎಂದು ಬರೆದರು. ಅಷ್ಟಕ್ಕೂ ತೃಪ್ತಿಯಾಗಲಿಲ್ಲ. ಶಾಲೆಯ ಜಗಲಿಯಲ್ಲಿ ಅವರದ್ದೇ ಉಸ್ತುವಾರಿಯ ಭಿತ್ತಿಪತ್ರಿಕೆ ಒಂದಿತ್ತು. ಗೋಡೆಗೆ ಹೊಡೆದ ಹಲಗೆ, ಅದರ ಮೇಲೆ ಮಕ್ಕಳ ಕವನ, ಚಿತ್ರ. ಆ ವಾರ ನಡುವಿನ ಜಾಗವನ್ನು ಖಾಲಿ ಮಾಡಿಸಿ, ಆ ಒಂದೇ ವಾಕ್ಯವನ್ನು ತಾವೇ ನೀಲಿ ಶಾಯಿಯಲ್ಲಿ ಬರೆದು, ಸುತ್ತ ಬಳ್ಳಿಯ ಚಿತ್ರ ಬಿಡಿಸಿ, ಹೆಸರು ಹಾಕಿ ಅಂಟಿಸಿದರು.

ಶುಕ್ರವಾರ ಮಕ್ಕಳ ಹೆತ್ತವರ ಸಭೆ ಇತ್ತು. ಕಾಂತಿಯ ತಾಯಿ ಪದ್ಮಾಕ್ಷಿ ಬಂದಿರಲಿಲ್ಲ. ಅವಳು ಎಲ್ಲಿಗೂ ಬರುವವಳಲ್ಲ. ಗಂಡ ಬೊಂಬಾಯಿಯ ಹೋಟೆಲಿಗೆ ಹೋದವನು ಆರು ವರ್ಷದಿಂದ ಸುದ್ದಿಯಿಲ್ಲ, ಹೆಂಗಸಿಗೆ ಸಂಕೋಚ ಎಂದು ಊರು ತಿಳಿದಿತ್ತು. ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಮುಟ್ಟಿಸುವುದು, ಎಲೆ, ಹೊಗೆಸೊಪ್ಪು ತರುವುದು, ಅಂಗಡಿಗೆ ಹೋಗುವುದು ಎಲ್ಲ ಕಾಂತಿಯೇ. ಬಂದವರಲ್ಲಿ ಶಾಲಾ ಕಮಿಟಿಯ ಧರ್ಣಪ್ಪ ಇದ್ದರು. ಪದ್ಮಾಕ್ಷಿಯ ಮನೆಯ ಬೇಲಿಯಾಚೆಗೇ ಅವರ ಗದ್ದೆ. ಜಗಲಿಯಲ್ಲಿ ಕನ್ನಡಕ ಏರಿಸಿ ಭಿತ್ತಿಪತ್ರಿಕೆ ಓದಿದ ಅವರು ಬಹಳ ಹೊತ್ತು ಅಲ್ಲೇ ನಿಂತರು.

"ಹೇಗುಂಟು ವಾಕ್ಯ?" ಎಂದು ಮಾಸ್ಟ್ರು ಹೆಮ್ಮೆಯಿಂದ ಕೇಳಿದರು.

"ಪದ್ಮಾಕ್ಷಿಯ ಬೆರಳಿಗೆ ಏನಾಗಿದೆ ಮಾಸ್ಟ್ರೇ?" ಎಂದರು ಧರ್ಣಪ್ಪ. "ಅವಳು ಬಾವಿಕಟ್ಟೆಗೆ ಬರುವಾಗಲೂ ಬಲಗೈಗೆ ಸೆರಗು ಸುತ್ತಿಕೊಂಡೇ ಇರ್ತಾಳೆ. ಎರಡು ವರ್ಷ ಆಯ್ತು, ನಾನು ನೋಡ್ತಾ ಇದ್ದೇನೆ."

ಮಾಸ್ಟ್ರು ಹಲಗೆಗೆ ಅಡ್ಡವಾಗಿ ಬಂದು ನಿಂತರು. "ಅದು ಕಲ್ಪನೆ ಮಾರಾಯ್ರೆ, ಸಾಹಿತ್ಯ" ಎಂದರು. ಧರ್ಣಪ್ಪ ತಲೆಯಾಡಿಸಿ ಹೋದರು. ಸಭೆ ಮುಗಿದ ಮೇಲೆ ಮಾಸ್ಟ್ರು ಕಾಗದವನ್ನು ಕಿತ್ತು ತೆಗೆದರು. ಆದರೆ ಓದಬೇಕಾದವರೆಲ್ಲ ಓದಿಯಾಗಿತ್ತು.

ಸೋಮವಾರದ ಹೊತ್ತಿಗೆ ಊರಿನಲ್ಲಿ 'ದೊಡ್ಡರೋಗ' ಎಂಬ ಮಾತು ಓಡಾಡುತ್ತಿತ್ತು. ಕುಷ್ಠ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಹೆಸರು ಹೇಳಿದರೇ ಅಂಟೀತು ಎಂಬ ಹೆದರಿಕೆ. ಬೀಡಿ ಬ್ರಾಂಚಿನ ಮೂಸಾ ಕಾಂತಿ ತಂದ ಬೀಡಿಯನ್ನು ತೆಗೆದುಕೊಳ್ಳಲಿಲ್ಲ. ಬೀಡಿ ಎಂದರೆ ಇನ್ನೊಬ್ಬರು ತುಟಿಗೆ ಇಡುವ ವಸ್ತು. ಹುಡುಗಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಬಂದ ದಾರಿಯಲ್ಲೇ ಹಿಂದೆ ಹೋದಳಂತೆ. ಮರುದಿನದಿಂದ ಶಾಲೆಗೂ ಬರಲಿಲ್ಲ.

ಮೂರು ದಿನ ಖಾಲಿ ಜಾಗ ನೋಡಿ ನಾಲ್ಕನೆಯ ದಿನ ಸಂಜೆ ಮಾಸ್ಟ್ರು ಅವರ ಮನೆ ಹುಡುಕಿಕೊಂಡು ಹೋದರು. ಅಂಗಳದಲ್ಲೇ ನಿಂತರು. ಪದ್ಮಾಕ್ಷಿ ಬಾಗಿಲ ಮರೆಯಿಂದ ತುಳುವಿನಲ್ಲಿ ಮಾತಾಡಿದಳು, ಮೆಲ್ಲನೆ, ತಪ್ಪು ಮಾಡಿದವಳ ಹಾಗೆ.

"ಎಂಟು ವರ್ಷದ ಹಿಂದೆ ಮೈಮೇಲೆ ಮಚ್ಚೆ ಬಂದದ್ದು ಮಾಸ್ಟ್ರೇ. ಮಂಗಳೂರಿಗೆ ಹೋಗಿ ಬಿಳಿ ಮಾತ್ರೆ ತಂದು ತಿಂದೆ, ಈಗಲೂ ತಿನ್ತೇನೆ. ರೋಗ ನಿಂತಿದೆ. ಎರಡು ಬೆರಳು ಮಾತ್ರ ಹೋಯ್ತು. ಬೀಡಿ ಸುರುಟಲಿಕ್ಕೆ ಉಳಿದದ್ದು ಸಾಕು, ನೂಲು ಇವಳು ಕಟ್ತಾಳೆ. ಯಾರಿಗೂ ಗೊತ್ತಿರಲಿಲ್ಲ. ಈಗ ಹೇಗೆ ಗೊತ್ತಾಯ್ತೋ. ಯಾರೋ ನೋಡಿರಬೇಕು."

ಮಾಸ್ಟ್ರು ಕಾಂತಿಯ ಮುಖ ನೋಡಿದರು. ಕಾಂತಿ ನೆಲ ನೋಡುತ್ತಿದ್ದಳು. ಓದು ಬಾರದ ತಾಯಿಗೆ ಗೋಡೆಯ ಮೇಲಿನ ಕಾಗದದ ವಿಷಯ ತಿಳಿದಿರಲಿಲ್ಲ, ಮಗಳು ಹೇಳಿರಲಿಲ್ಲ. ಈಗ ಮಾಸ್ಟ್ರು ಹೇಳಬೇಕಿತ್ತು. ಅವರ ಬಳಿ ಹತ್ತು ಸಾವಿರ ಶಬ್ದಗಳಿದ್ದವು, ಒಂದೂ ಹೊರಗೆ ಬರಲಿಲ್ಲ.

ಪದ್ಮಾಕ್ಷಿ ಮಗಳ ಕೈಯಲ್ಲಿ ಒಂದು ಮಡಚಿದ ಕಾಗದ ಕೊಟ್ಟು ಕಳಿಸಿದಳು. ಆಸ್ಪತ್ರೆಯವರು ಬರೆದು ಕೊಟ್ಟದ್ದು, ಇಂಗ್ಲಿಷಿನಲ್ಲಿ. ಇವರ ರೋಗ ಇನ್ನು ಹರಡುವುದಿಲ್ಲ, ಎಲ್ಲರ ಜೊತೆ ಇರಬಹುದು, ಕೆಲಸ ಮಾಡಬಹುದು ಎಂದು ಅದರಲ್ಲಿತ್ತು. ಮಾಸ್ಟ್ರು ಅದನ್ನು ಅವಳಿಗೆ ಅರ್ಥವಾಗುವಂತೆ ಓದಿ ಹೇಳಿದರು.

"ಅದನ್ನೊಮ್ಮೆ ಬ್ರಾಂಚಿನ ಮೂಸಾಕನಿಗೆ ಓದಿ ಹೇಳ್ತೀರಾ?" ಎಂದಳು ಪದ್ಮಾಕ್ಷಿ. "ನೀವು ಹೇಳಿದರೆ ನಂಬ್ತಾರೆ. ಕೆಲಸ ಸಿಕ್ಕಿದರೆ ಇವಳನ್ನು ಶಾಲೆಗೆ ಕಳಿಸ್ತೇನೆ. ಇವಳು ಹತ್ತನೆಯದ್ದು ಮುಗಿಸಬೇಕು ಅಂತ ನನಗೊಂದು ಆಸೆ. ಮತ್ತೇನೂ ಇಲ್ಲ."

ಬೇಲಿಯ ತನಕ ಬಂದ ಕಾಂತಿ ಒಂದೇ ಮಾತು ಕೇಳಿದಳು. "ನೀವೊಬ್ಬರೇ ಓದುವುದು ಅಂತ ಹೇಳಿದ್ದಿರಲ್ಲ ಸರ್?"

ಮಾಸ್ಟ್ರು ನೇರ ಬ್ರಾಂಚಿಗೆ ನಡೆದರು. ಮೂಸಾ ಕೆಟ್ಟವನಲ್ಲ. ಕಾಗದದ ಒಂದೊಂದು ಸಾಲನ್ನೂ ತಾಳ್ಮೆಯಿಂದ ಕೇಳಿದ.

"ನೀವು ಓದಿದ್ದು ಸತ್ಯ ಮಾಸ್ಟ್ರೇ, ನಾನು ಒಪ್ತೇನೆ. ಆದರೆ ಇಲ್ಲಿಗೆ ಬರುವ ಹೆಂಗಸರು ಕಾಗದ ಓದುವವರಲ್ಲ. ಪದ್ಮಾಕ್ಷಿಯ ಬೀಡಿಯ ಪಕ್ಕದಲ್ಲಿ ತಮ್ಮ ಬೀಡಿ ಇಡುವುದಿಲ್ಲ ಅಂತ ಮೊನ್ನೆ ಸೋಮವಾರ ಎಲ್ಲ ಎದ್ದು ಹೊರಟಿದ್ದರು. ನಾನೇನು ಮಾಡಲಿ?" ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ಮತ್ತೆ ಹೇಳಿದ. "ಒಂದು ಕೆಲಸ ಮಾಡುವ. ಅವರ ಮನೆಯಲ್ಲಿರುವ ಎಲೆ, ಹೊಗೆಸೊಪ್ಪು ವಾಪಸು ತರಲಿಕ್ಕೆ ನಾಳೆ ನಾನು ಹೋಗಬೇಕು. ನೀವೂ ಬನ್ನಿ. ಆ ಮನೆಯ ಜಗಲಿಯಲ್ಲಿ ಕೂತು, ಅವರು ಕೊಟ್ಟದ್ದು ಏನಾದರೂ ಒಂದು ಕುಡಿಯಿರಿ. ನಾನೂ ಕುಡಿತೇನೆ, ಆದರೆ ನಾನು ಕುಡಿದರೆ ಲೆಕ್ಕ ಇಲ್ಲ, ಬ್ರಾಂಚಿನ ಆಸೆಗೆ ಕುಡಿದ ಅಂತಾರೆ. ನೀವು ಕುಡಿದರೆ ಬೇರೆ. ಮಡಿಯ ಭಟ್ರು, ಮಕ್ಕಳಿಗೆ ವಿದ್ಯೆ ಕೊಡುವವರು. ಮಾಸ್ಟ್ರೇ ಕುಡಿದ ಮನೆ ಅಂತ ನಾನು ಊರಿಗೆಲ್ಲ ಸಾರ್ತೇನೆ. ಮತ್ತೆ ಬಾಯಿ ಬಿಡುವವರು ಯಾರು? ಎಲೆಯೂ ಅಲ್ಲೇ ಇರಲಿ, ಹುಡುಗಿಯೂ ಶಾಲೆಗೆ ಬರಲಿ."

"ಅಷ್ಟೇ ತಾನೆ?" ಎಂದರು ಮಾಸ್ಟ್ರು. ಅವರ ಎದೆಯ ಭಾರ ಅರ್ಧ ಇಳಿಯಿತು. ಜಾತಿಯ ಮಡಿಯನ್ನು ಅವರು ಬಿಟ್ಟು ಎಷ್ಟೋ ಕಾಲವಾಗಿತ್ತು. ಮಕ್ಕಳ ಮನೆಗಳಿಗೆ ಹೋದಾಗ ಎಳನೀರು, ಬೆಲ್ಲ ನೀರು, ಕೆಲವು ಕಡೆ ಚಹಾ ಸಹ ಕುಡಿದವರು. ಮಾಡಿದ ಅನ್ಯಾಯಕ್ಕೆ ಇಷ್ಟು ಸುಲಭದ ಪರಿಹಾರ ಸಿಕ್ಕಿತಲ್ಲ ಎಂದು ದಾರಿಯುದ್ದಕ್ಕೂ ದೇವರನ್ನು ನೆನೆದರು.

ಮರುದಿನ ಶನಿವಾರ. ಮೂಡುಬಿದಿರೆಯ ಬಸ್ಸನ್ನು ಬಿಟ್ಟು ಮೂಸಾನ ಜೊತೆ ಹೊರಟರು. ಮೂಸಾ ಸೈಕಲ್ ದೂಡಿಕೊಂಡು ಬಂದ. ಸುದ್ದಿ ಹೇಗೋ ಹರಡಿತ್ತು. ಬೇಲಿಯಾಚೆ ಧರ್ಣಪ್ಪ ಗದ್ದೆಯ ಅಂಚಿನ ಹುಣಿ ಕಡಿಯುವವರ ಹಾಗೆ ಹಾರೆ ಹಿಡಿದು ನಿಂತಿದ್ದರು, ಇನ್ನೂ ಇಬ್ಬರು ಮೂವರು ಹೆಂಗಸರು ಸೊಪ್ಪು ಕಡಿಯುವ ನೆವದಲ್ಲಿ. ನಿಲ್ಲಲಿ, ನೋಡಲಿ, ಒಳ್ಳೆಯದೇ ಆಯಿತು ಎಂದುಕೊಂಡರು ಮಾಸ್ಟ್ರು.

ಸಗಣಿ ಸಾರಿಸಿದ ಜಗಲಿಯಲ್ಲಿ ಹೊಸ ಚಾಪೆ ಹಾಸಿತ್ತು. ಮೂಲೆಯಲ್ಲಿ ವಾಪಸು ಕೊಡಲೆಂದು ಎಲೆಯ ಕಟ್ಟು ಮತ್ತು ಹೊಗೆಸೊಪ್ಪಿನ ಡಬ್ಬಿ. ಮಾಸ್ಟ್ರು ಕುಳಿತರು. ಪದ್ಮಾಕ್ಷಿ ಇಂದು ಬಾಗಿಲ ಮರೆಯಲ್ಲಿ ಇರಲಿಲ್ಲ, ಹೊಸ್ತಿಲ ಬಳಿಯೇ ನಿಂತಿದ್ದಳು. ನಲವತ್ತು ದಾಟದ ಹೆಂಗಸು, ಮಗಳದ್ದೇ ಹಣೆ. ಇನ್ನು ಮುಚ್ಚಿಡುವುದೇನಿದೆ ಎಂದೋ ಏನೋ, ಬಲಗೈಯ ಸೆರಗು ಬಿಚ್ಚಿದ್ದಳು. ಆ ಕೈ ಬಾಗಿಲ ದಾರಂದದ ಮೇಲಿತ್ತು.

ಕಾಂತಿ ಎರಡು ಎಳನೀರು ತಂದಳು. ಅವರ ಎದುರೇ ಕತ್ತಿಯಿಂದ ಕೆತ್ತಿದಳು, ಮೂತಿ ಬಿಡಿಸಿದಳು. ಎರಡೂ ಕೈಯಲ್ಲಿ ಹಿಡಿದು ಮೊದಲನೆಯದನ್ನು ಮಾಸ್ಟ್ರಿಗೆ ಚಾಚಿದಳು.

"ಅಮ್ಮ ಮುಟ್ಟಲಿಲ್ಲ ಸರ್. ಕೊಯ್ದದ್ದೂ ನಾನೇ, ಕೆತ್ತಿದ್ದೂ ನಾನೇ."

ತಾಯಿಯ ಎದುರೇ ಮಗಳು ಹಾಗೆ ಹೇಳಬೇಕಾಗಿ ಬಂದದ್ದಕ್ಕೆ ಮಾಸ್ಟ್ರಿಗೆ ಕಣ್ಣು ತುಂಬಿತು. ಎಳನೀರನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತಣ್ಣಗಿತ್ತು. ತುಟಿಯ ಹತ್ತಿರ ತಂದರು. ಪಕ್ಕದಲ್ಲಿ ಮೂಸಾ ಗಟಗಟ ಕುಡಿಯುವ ಸದ್ದು ಕೇಳಿಸಿತು. ಕುಡಿಯಲು ತಲೆ ಎತ್ತಿದಾಗ ದಾರಂದದ ಮೇಲಿನ ಕೈ ಕಣ್ಣಿಗೆ ಬಿತ್ತು. ಗೆಣ್ಣಿಗೇ ಮುಗಿದ ಎರಡು ಬೆರಳು, ಮುಲಾಮು ಹಚ್ಚಿ ಹೊಳೆಯುವ ತುದಿ.

ಮೈ ಹಿಂದೆ ಸರಿಯಿತು. ಮಾಸ್ಟ್ರು ಬೇಡವೆಂದು ಎಣಿಸಲಿಲ್ಲ. ಕುಡಿ, ಕುಡಿ ಎಂದು ಒಳಗೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಕಾಗದ ನೆನಪಿತ್ತು, ಅದರ ಒಂದೊಂದು ಅಕ್ಷರವೂ ನೆನಪಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ಇನ್ನೊಂದು ಕ್ಷಣ ಹಿಡಿದಿದ್ದರೆ ಅಲ್ಲೇ ವಾಂತಿಯಾಗುತ್ತಿತ್ತು. ಎಳನೀರನ್ನು ನಿಧಾನವಾಗಿ ಚಾಪೆಯ ಪಕ್ಕ ಇಟ್ಟರು.

"ಅಯ್ಯೋ, ಮರೆತೇಬಿಟ್ಟಿದ್ದೆ ನೋಡಿ" ಎಂದರು. ಅವರ ದನಿ ಅವರಿಗೇ ಯಾರದ್ದೋ ಎನಿಸಿತು. "ಇವತ್ತು ಏಕಾದಶಿ. ನನಗೆ ನೀರೂ ಇಲ್ಲ."

ಮಾಸ್ಟ್ರು ಏಕಾದಶಿಗೆ ಹನಿ ನೀರೂ ಮುಟ್ಟುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಹಾಗಾಗಿ ಅಲ್ಲಿ ಯಾರೂ ಏನೂ ಕೇಳಲಿಲ್ಲ. ಪದ್ಮಾಕ್ಷಿ ಗಾಬರಿಯಾಗಿ ಎರಡೂ ಕೈ ಜೋಡಿಸಿದಳು.

"ತಪ್ಪಾಯ್ತು ಮಾಸ್ಟ್ರೇ, ನಮಗೆ ಗೊತ್ತಾಗಲಿಲ್ಲ. ವ್ರತದ ದಿನ ನಿಮ್ಮ ಎದುರು ತಂದಿಟ್ಟೆವಲ್ಲ. ದೇವರೇ, ತಪ್ಪಾಯ್ತು."

ಅವಳು ನಿಜವಾಗಿಯೂ ನಂಬಿದ್ದಳು, ಕ್ಷಮೆ ಕೇಳುತ್ತಿದ್ದಳು. ಮೂಸಾ ಒಮ್ಮೆ ಮಾಸ್ಟ್ರ ಮುಖ ನೋಡಿದ, ಒಮ್ಮೆ ಬೇಲಿಯ ಕಡೆ ನೋಡಿದ. ಬೇಲಿಯಾಚೆ ಒಬ್ಬ ಹೆಂಗಸು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ಮೂಸಾ ಎದ್ದು ಎಲೆಯ ಕಟ್ಟನ್ನೂ ಡಬ್ಬಿಯನ್ನೂ ಸೈಕಲಿನ ಕ್ಯಾರಿಯರಿಗೆ ಹಗ್ಗ ಹಾಕಿ ಬಿಗಿದ. ಕಾಂತಿ ಕತ್ತಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು. ಹಿಂದಿನ ವಾರವಷ್ಟೇ ಏಕಾದಶಿಯ ದಿನ ಒಣಗಿದ ಗಂಟಲಿನಲ್ಲಿ ಪಾಠ ಮಾಡುತ್ತಾ, "ಇವತ್ತು ನನ್ನನ್ನು ಹೆಚ್ಚು ಮಾತಾಡಿಸಬೇಡಿ ಮಕ್ಕಳೇ" ಎಂದು ಅವರು ಹೇಳಿದ್ದರು. ಅದು ಬುಧವಾರ. ಅಲ್ಲಿಂದ ಇಲ್ಲಿಗೆ ಹತ್ತೇ ದಿನ. ಲೆಕ್ಕ ಹಾಕಲು ಅವಳಿಗೆ ಬೆರಳು ಮಡಚಬೇಕಾಗಿರಲಿಲ್ಲ.

ಗುಡ್ಡದ ತಿರುವಿನಲ್ಲಿ ಹಿಂದಿನಿಂದ ಓಡಿ ಬರುವ ಹೆಜ್ಜೆಯ ಸದ್ದಾಯಿತು. ಮೂಸಾ ಸೈಕಲ್ ಹತ್ತಿ ಮುಂದೆ ಹೋಗಿಯಾಗಿತ್ತು. ಕಾಂತಿ ಏದುಸಿರು ಬಿಡುತ್ತಾ ಬಂದು ಮಾಸ್ಟ್ರ ಎದುರು ನಿಂತಳು.

"ಆಸ್ಪತ್ರೆಯ ಕಾಗದ ನಿಮ್ಮಲ್ಲೇ ಉಳಿಯಿತು ಸರ್. ಅಮ್ಮನಿಗೆ ಬೇಕು."

ಮಾಸ್ಟ್ರು ಕಿಸೆ ತಡಕಿದರು. ಖಾಲಿ ಚೀಟಿಗಳ ನಡುವೆ ಸಿಕ್ಕಿಕೊಂಡಿದ್ದ ಆ ಕಾಗದವನ್ನು ಬಿಡಿಸಿ ಕೊಟ್ಟರು. ಅವಳು ಹೋಗಲಿಲ್ಲ.

"ನಾನು ಬರೆದ ವಾಕ್ಯ ಸುಳ್ಳು ಸರ್."

"ಯಾವುದು ಮಗಾ?"

"ಹೇಸುವುದಿಲ್ಲ ಅಂತ ಬರೆದದ್ದು. ಹಾಗೆ ಬರೆದರೆ ಚೆಂದ ಕಾಣ್ತದೆ ಅಂತ ಬರೆದೆ." ಅವಳು ಅಳುತ್ತಿರಲಿಲ್ಲ, ಪಾಠ ಒಪ್ಪಿಸುವವಳ ಹಾಗೆ ಮಾಸ್ಟ್ರ ಮುಖವನ್ನೇ ನೋಡಿ ಹೇಳಿದಳು. "ನನಗೂ ಹೇಸಿಗೆ ಆಗ್ತದೆ. ದಿನಾ ಆಗ್ತದೆ. ಅಮ್ಮ ಅನ್ನ ಕಲಸುವಾಗ ನಾನು ಬೇರೆ ಕಡೆ ನೋಡ್ತೇನೆ. ಮೊದಲ ತುತ್ತು ಒಳಗೆ ಹೋಗುವುದಿಲ್ಲ, ಕಣ್ಣು ಮುಚ್ಚಿ ನುಂಗಬೇಕು. ನುಂಗಿದರೆ ಹೋಗ್ತದೆ ಸರ್. ಎರಡನೆಯದ್ದು ಅಷ್ಟು ಕಷ್ಟ ಇಲ್ಲ."

ಅಷ್ಟು ಹೇಳಿ ತಿರುಗಿ ನಡೆದಳು. ಮಾಸ್ಟ್ರು ಕರೆಯಲಿಲ್ಲ.

ಅಂದು ಮನೆಗೆ ಬಂದಾಗ ವಾಗ್ದೇವಿ ಎಲೆ ಹಾಕಿದ್ದರು. ಸುಳ್ಳನ್ನಾದರೂ ನಿಜ ಮಾಡುವ ಎಂದು ಮಾಸ್ಟ್ರು ಉಣ್ಣದೆ ಮಲಗಿದರು. ಎರಡು ದಿನ ಹಾಗೆ ಮಲಗಿದ ಮೇಲೆ ಹೆಂಡತಿಗೆ ಎಲ್ಲ ಹೇಳಿದರು. ವಾಗ್ದೇವಿ ಬೈಯುತ್ತಾರೆ ಎಂದು ಕಾದರು. ಅವರು ಬೈಯಲಿಲ್ಲ. "ನಾನಾಗಿದ್ದರೂ ಕುಡಿಯುತ್ತಿರಲಿಲ್ಲವೋ ಏನೋ" ಎಂದು ಸೆರಗಿನಿಂದ ಮುಖ ಒರೆಸಿಕೊಂಡು, "ಆದರೆ ಹಾಗಂತ ಹೇಳ್ತಿದ್ದೆ. ದೇವರ ಹೆಸರು ತರ್ತಿರಲಿಲ್ಲ" ಎಂದರು.

ಮುಂದಿನ ಶನಿವಾರ ಮೂಡುಬಿದಿರೆಗೆ ಹೋದರು. ಸಭೆಯ ಮರುದಿನ ತಂದು ಕೊಟ್ಟಿದ್ದ ಕಾಂತಿಯ ವಾಕ್ಯದ ಚೀಟಿಯನ್ನು ಹಿಂದೆ ಕೊಡಿ ಎಂದು ಪಂಡಿತರನ್ನು ಕೇಳಿದರು.

"ಯಾಕೆ, ಪ್ರಯೋಗ ತಪ್ಪೇ?"

"ಪ್ರಯೋಗ ಸರಿಯುಂಟು. ಆದರೆ ನಿಜವಲ್ಲವಂತೆ."

"ಹಾಗಾದರೆ ನಿಜ ಏನಂತೆ?"

ಮಾಸ್ಟ್ರು ಹೇಳಿದರು. ತಾವು ಮಾಡಿದ್ದನ್ನೂ ಹೇಳಿದರು, ಒಂದನ್ನೂ ಬಿಡದೆ. ಪಂಡಿತರು ಕನ್ನಡಕ ತೆಗೆದು ಮಡಿಲಲ್ಲಿಟ್ಟರು. ಆಮೇಲೆ, "ನಮ್ಮ ಹಳೆಯ ಪುಸ್ತಕಗಳಲ್ಲಿ ಹೇಸುವವರೂ ಇದ್ದಾರೆ, ಹೇಸದವರೂ ಇದ್ದಾರೆ. ಹೇಸಿಯೂ ಉಣ್ಣುವವರು ನನ್ನ ನಲವತ್ತು ಚೀಟಿಗಳಲ್ಲಿ ಎಲ್ಲಿಯೂ ಇಲ್ಲ" ಎಂದರು. ಬರೆದುಕೊಳ್ಳಲೆಂದು ಒಂದು ಹೊಸ ಚೀಟಿಯನ್ನು ಮಾಸ್ಟ್ರ ಮುಂದೆ ಸರಿಸಿದರು. ಮಾಸ್ಟ್ರು ಪೆನ್ನು ತೆಗೆಯಲಿಲ್ಲ. ಆ ಮಾತನ್ನೂ ಅವಳಿಂದ ಕಿತ್ತುಕೊಂಡು ಬಂದರೆ ತಮಗಿಂತ ಹೇಯ ಯಾರೂ ಇರಲಾರರು ಎನಿಸಿತು. ಹಳೆಯ ಚೀಟಿಯನ್ನು ಕೇಳಿ ಪಡೆದು, ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ 'ಕಾಂತಿ' ಎಂಬ ಹೆಸರು ಉಳಿಯದಂತೆ ಹರಿದು ಹಾಕಿದರು.

ಸೋಮವಾರ ಬೆಳಗ್ಗೆ ಅವರು ಶಾಲೆಗೆ ರಜೆ ಬರೆದು ಕೊಟ್ಟು ಹೊರಟರು. ಈ ಸಲ ಏನೇ ಆಗಲಿ ಕುಡಿಯುವುದು. ಕಣ್ಣು ಮುಚ್ಚಿ ಮೊದಲ ಗುಟುಕು ನುಂಗಿಬಿಡುವುದು. ವಾಂತಿಯಾದರೆ ಆಗಲಿ, ಮತ್ತೆ ಕೇಳಿ ಕುಡಿಯುವುದು. ಆಮೇಲೆ ಗೋಡೆಯ ಕಾಗದದ ವಿಷಯವನ್ನು ಪದ್ಮಾಕ್ಷಿಗೆ ತಾವೇ ಹೇಳುವುದು. ಧರ್ಣಪ್ಪನನ್ನೂ ಕರೆದು ಜಗಲಿಯಲ್ಲಿ ಕೂರಿಸಿಕೊಳ್ಳಬೇಕು, ಮೂಸಾನಿಗೂ ಹೇಳಿ ಕಳಿಸಬೇಕು, ನಾಲ್ಕು ಜನ ನೋಡಬೇಕು. ದಾರಿಯುದ್ದಕ್ಕೂ ಅಭ್ಯಾಸ ಮಾಡುವವರ ಹಾಗೆ ಉಗುಳು ನುಂಗುತ್ತಾ ನಡೆದರು.

ಮನೆಯ ಬಾಗಿಲಿಗೆ ಹೊರಗಿನಿಂದ ತೆಂಗಿನ ಹಗ್ಗ ಕಟ್ಟಿತ್ತು. ಅಂಗಳದಲ್ಲಿ ಕತ್ತರಿಸಿ ಬಿಟ್ಟ ಬೀಡಿ ಎಲೆಯ ಚೂರುಗಳು ಗಾಳಿಗೆ ಓಡಾಡುತ್ತಿದ್ದವು. ಜಗಲಿಯಲ್ಲಿ ಚಾಪೆ ಇರಲಿಲ್ಲ.

ಗದ್ದೆಯಲ್ಲಿದ್ದ ಧರ್ಣಪ್ಪ ಬೇಲಿಯ ತನಕ ಬಂದರು. "ಶುಕ್ರವಾರ ಹೋದರು ಮಾಸ್ಟ್ರೇ. ಚಾರ್ಮಾಡಿಯ ಕಡೆ ಯಾರದ್ದೋ ತೋಟದಲ್ಲಿ ಕೆಲಸ ಉಂಟಂತೆ, ಹುಡುಗಿಗೂ ಅಂತೆ. ಯಾರ ತೋಟ ಅಂತ ಹೇಳಲಿಲ್ಲ. ಹೇಳಿದರೆ ಅಲ್ಲಿಗೂ ಸುದ್ದಿ ಹೋದೀತು ಅಂತ ಹೆದರಿಕೆಯೋ ಏನೋ." ಅವರೂ ನೆಲ ನೋಡುತ್ತಿದ್ದರು. "ಹೋಗುವಾಗ ಪದ್ಮಾಕ್ಷಿ ನನ್ನ ಹೆಂಡತಿಯತ್ರ ಹೇಳಿದಳಂತೆ. ಮಾಸ್ಟ್ರ ವ್ರತಕ್ಕೆ ನಮ್ಮಿಂದ ಭಂಗ ಬರ್ತಿತ್ತು, ದೇವರು ಕಾಪಾಡಿದ ಅಂತ."

ಧರ್ಣಪ್ಪ ಕೆಲಸಕ್ಕೆ ಹಿಂದಿರುಗಿದ ಮೇಲೂ ಮಾಸ್ಟ್ರು ಅಲ್ಲೇ ನಿಂತರು. ಮನೆಯ ಹಿಂದೆ ಸಣ್ಣ ಬಾವಿ ಇತ್ತು. ನೀರು ಸೇದುವ ಹಗ್ಗಕ್ಕೆ ಕಟ್ಟಿದ ಅಡಿಕೆ ಹಾಳೆಯ ಮಗೆಯನ್ನು ತಾಯಿ ಮಗಳು ಕೊಂಡೊಯ್ದಿರಲಿಲ್ಲ. ಪದ್ಮಾಕ್ಷಿಯ ಕೈ ದಿನಾ ಹಿಡಿದ ಜಾಗದಲ್ಲಿ ಹಗ್ಗ ಸವೆದು ನುಣ್ಣಗಾಗಿತ್ತು. ಮಾಸ್ಟ್ರು ನೀರು ಸೇದಿದರು. ಕಣ್ಣು ಮುಚ್ಚಿ, ಮಗೆಗೇ ಬಾಯಿ ಹಚ್ಚಿ ಕುಡಿದರು. ಮೊದಲ ಗುಟುಕು ಗಂಟಲಲ್ಲಿ ನಿಂತಿತು. ಬಲವಂತವಾಗಿ ನುಂಗಿದರು, ಇಳಿಯಿತು. ಎರಡನೆಯದ್ದು ಅಷ್ಟು ಕಷ್ಟವಾಗಲಿಲ್ಲ.

ಮಗೆ ಬರಿದಾಗುವ ತನಕ ಕುಡಿದು, ಮುಖ ಒರೆಸಿಕೊಂಡು ಸುತ್ತ ನೋಡಿದರು. ಬೇಲಿಯ ಹತ್ತಿರ ಯಾರೂ ಇರಲಿಲ್ಲ.